ಗಾಜಿನೊಳಗೆ ಪರಂಪರೆ, ಹೊರಗೆ ಜಲ್ಲಿ

ಬಳ್ಳಾರಿಯಲ್ಲಿ ಒಂದು ಕಲ್ಲು ಇತಿಹಾಸವೋ ಕಟ್ಟಡ ಸಾಮಗ್ರಿಯೋ ಎಂದು ತೀರ್ಮಾನಿಸಲು ಪುರಾತತ್ತ್ವ ಪದವಿಯೇನೂ ಬೇಕಿಲ್ಲ. ಅದು ಗಾಜಿನ ಯಾವ ಬದಿಗಿದೆ ಎಂದು ನೋಡಿದರೆ ಸಾಕು. ನಗರದ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯದೊಳಗೆ ಮಲಗಿರುವ ಕಪ್ಪು ಶಿಲೆಯ ಕೊಡಲಿಯು ನವಶಿಲಾಯುಗದ ಅಮೂಲ್ಯ ಆಸ್ತಿ, ಅದನ್ನು ಮುಟ್ಟಕೂಡದು. ಅದು ಹುಟ್ಟಿ ಬಂದ ಗುಡ್ಡದ ಬಂಡೆಯಾದರೋ ಜಲ್ಲಿ; ಅದನ್ನು ಸಿಡಿಸಬಹುದು, ಟಿಪ್ಪರಿಗೆ ತುಂಬಬಹುದು, ರಾಯಲ್ಟಿ ಕಟ್ಟಿ ರಸೀದಿಯನ್ನೂ ಪಡೆಯಬಹುದು.

ಆ ಕೊಡಲಿಯನ್ನು ಬಗ್ಗಿ ನೋಡಬೇಕು. ಹಿಂಬದಿಯಲ್ಲಿ ಚಕ್ಕೆ ಎಬ್ಬಿಸಿದ ಗುರುತುಗಳು ಒರಟಾಗಿಯೇ ಉಳಿದಿದ್ದರೆ, ಬಾಯಿ ಮಾತ್ರ ಬಂಡೆಗೆ ಉಜ್ಜಿ ಉಜ್ಜಿ ನುಣುಪಾಗಿದೆ. ಹಾಗೆ ಉಜ್ಜಿದಾಗ ಬಂಡೆಯ ಮೇಲೆ ಬಿದ್ದ ಉದ್ದನೆಯ ತೋಡುಗಳು ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲಿನ ಗುಡ್ಡಗಳಲ್ಲಿ ಇಂದಿಗೂ ಇವೆ. ಅವುಗಳ ಅಪರಾಧ ಒಂದೇ: ಕಪಾಟಿನಲ್ಲಿ ಹಿಡಿಸುವುದಿಲ್ಲ.

ಭೂವಿಜ್ಞಾನಿ ಫೂಟ್ ಸಾಹೇಬರು ಈ ಸೀಮೆಯಲ್ಲಿ ಆಯ್ದ ಕಲ್ಲುಗಳೂ ಸೇರಿದಂತೆ ತಮ್ಮ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಾರಿದರು. ಅಂದಿನಿಂದ ಬಳ್ಳಾರಿಯವರು ತಮ್ಮ ಪೂರ್ವಜರ ಕೊಡಲಿಗಳನ್ನು ನೋಡಲು ಎಗ್ಮೋರಿಗೆ ರೈಲು ಹತ್ತಬೇಕಾಯಿತು. ಪ್ರಾಧ್ಯಾಪಕ ರವಿ ಕೋರಿಶೆಟ್ಟರ್ ಮತ್ತು ಜಿಲ್ಲಾಡಳಿತದ ಪ್ರಯತ್ನದಿಂದ ಊರಿನಲ್ಲೇ ಒಂದು ಸಂಗ್ರಹಾಲಯ ಆದದ್ದು ನಿಜಕ್ಕೂ ದೊಡ್ಡ ಮಾತು. ಅದನ್ನು ಹಾಸ್ಯ ಮಾಡುವ ಉದ್ದೇಶ ಈ ಲೇಖಕನಿಗಿಲ್ಲ. ಹಾಸ್ಯಕ್ಕೆ ಊರಾಚೆ ಬೇಕಾದಷ್ಟು ಅವಕಾಶವಿದೆ.

ಕುಪ್ಪಗಲ್ಲಿನ ಗುಡ್ಡದಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಹೊರಡಿಸುವ ಬಂಡೆಗಳಿವೆ, ಅಲ್ಲಿನ ಶಿಲೆಗಳ ಮೇಲೆ ಕುಟ್ಟಿ ಮೂಡಿಸಿದ ಗೂಳಿಗಳಿವೆ. ಆ ಚಿತ್ರಗಳ ಬಗ್ಗೆ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ 1892ರಲ್ಲೇ ಬರೆದಿದ್ದಾನೆ. ಸಾವಿರಾರು ವರ್ಷ ನಾದವಷ್ಟೇ ಕೇಳಿದ್ದ ಆ ಗುಡ್ಡವು ನಮ್ಮ ಕಾಲದಲ್ಲಿ ಕಲ್ಲುಗಣಿಯ ಸಿಡಿಮದ್ದಿನ ಸದ್ದನ್ನೂ ಕೇಳಿದೆ. ಆದ್ದರಿಂದ ಬಂಡೆಗಳ ನಾದವನ್ನು ಧ್ವನಿಮುದ್ರಿಸಿಕೊಂಡು, ಸಂಗ್ರಹಾಲಯದಲ್ಲಿ ಗುಂಡಿ ಒತ್ತಿದರೆ ಕೇಳುವಂತೆ ಏರ್ಪಾಡು ಮಾಡುವುದು ಒಳಿತು. ಹಾಗೆ ದಾಖಲಾದ ಮೇಲೆ ಬಂಡೆ ಅಲ್ಲಿ ಸುಮ್ಮನೆ ಜಾಗ ಹಿಡಿದುಕೊಂಡು ನಿಲ್ಲುವ ಅಗತ್ಯವಾದರೂ ಏನು?

ಇನ್ನು ಬಳ್ಳಾರಿ ಸಮೀಪದ ಕುಡತಿನಿಯಲ್ಲಿರುವ ಪ್ರಾಚೀನ ಬೂದಿದಿಬ್ಬ. ಜನ ಅದನ್ನು ರಾಕ್ಷಸನ ಚಿತಾಭಸ್ಮ ಎಂದರು. ಫೂಟ್ ಅದು ದನ ಕಟ್ಟುತ್ತಿದ್ದ ಪ್ರಾಚೀನರು ಸುಟ್ಟ ಸಗಣಿ ಎಂದರು, ಮುಂದಿನ ಸಂಶೋಧನೆಗಳು ಅವರ ಮಾತನ್ನೇ ಎತ್ತಿಹಿಡಿದವು. ಬೂದಿ ಒಟ್ಟುವ ಆ ಪರಂಪರೆಯನ್ನು ಕುಡತಿನಿ ಕೈಬಿಟ್ಟಿಲ್ಲ ಎಂಬುದು ಸಮಾಧಾನದ ಸಂಗತಿ. 1,700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ಅಲ್ಲಿ ಕಲ್ಲಿದ್ದಲು ಸುಟ್ಟು ಹಗಲಿರುಳು ಬೂದಿ ಪೇರಿಸುತ್ತಿದೆ. ಸಗಣಿ ಸುಟ್ಟವರು ಒಂದು ದಿಬ್ಬಕ್ಕೆ ತಲೆಮಾರುಗಳನ್ನೇ ತೆಗೆದುಕೊಂಡಿದ್ದರು, ಪಾಪ, ಅವರ ಬಳಿ ಕನ್ವೇಯರ್ ಬೆಲ್ಟ್ ಇರಲಿಲ್ಲ.

ಹಳೆಯ ಬೂದಿ, ಹೊಸ ಬೂದಿ ಮತ್ತು ಧ್ವನಿಮುದ್ರಿತ ಬಂಡೆಗಳಿಗಾಗಿ ಸಂಗ್ರಹಾಲಯಕ್ಕೆ ಹೊಸದೊಂದು ಕಟ್ಟಡ ಬೇಕೇ ಬೇಕು. ಟೆಂಡರ್ ಕರೆಯುವವರಲ್ಲಿ ಒಂದೇ ವಿನಂತಿ: ತಳಪಾಯದ ಜಲ್ಲಿಯನ್ನು ಸಂಗನಕಲ್ಲಿನ ಕಡೆಯಿಂದಲೇ ತರಿಸಿದರೆ ಸಾಗಾಣಿಕೆ ವೆಚ್ಚ ಉಳಿಯುತ್ತದೆ.