ಲ್ಯಾಬ್‌ಗೆ ದೊಡ್ಡ ಯಂತ್ರ ಕೊಳ್ಳುವ ಮೊದಲು

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ಕಾಲೇಜುಗಳಲ್ಲಿ ಮಣ್ಣು-ನೀರಿನ ಲ್ಯಾಬ್ ಮಾಡಬೇಕೆಂದರೆ ಮೊದಲ ಬೇಡಿಕೆ ಲೋಹದಂಥ ಧಾತುಗಳನ್ನು ಅಳೆಯುವ ಅಟಾಮಿಕ್ ಅಬ್ಸಾರ್ಪ್ಷನ್ ಯಂತ್ರದ್ದು. ಅದು ಕೊನೆಗೆ ಬರಲಿ ಅನ್ನುವವನು ನಾನು. ಅಸಿಟಿಲಿನ್ ಸಿಲಿಂಡರ್ ಬೇಕು, ಒಂದೊಂದು ಧಾತುವಿಗೆ ಒಂದೊಂದು ಲ್ಯಾಂಪ್ ಬೇಕು, ಹೊಗೆ ಹೀರುವ ಕೊಳವೆ ಬೇಕು, ಏರಿಳಿತವಿಲ್ಲದ ಕರೆಂಟ್ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಯಂತ್ರಕ್ಕೆ ಬಟ್ಟೆ ಹೊದಿಸಿ ಇಡುವುದೇ ಆಗುತ್ತದೆ. ತುಂಗಭದ್ರಾ ಕಾಲುವೆ ಕೆಳಗಿನ ಸವಳು, ಬೋರ್‌ನೀರಿನ ಫ್ಲೋರೈಡ್: ನಮ್ಮ ಈ ಎರಡು ದೊಡ್ಡ ಪ್ರಶ್ನೆಗಳಿಗೆ ಮೇಜಿನ ಮೇಲಿನ ಮೀಟರ್‌ಗಳೇ ಉತ್ತರ ಕೊಡುತ್ತವೆ. ಅವನ್ನು ಸರಿಯಾಗಿ ಇಟ್ಟುಕೊಂಡಿರಬೇಕು, ಅಷ್ಟೇ.

ಎಲ್ಲಕ್ಕಿಂತ ಮೊದಲು ಡಿಸ್ಟಿಲ್ಡ್ ವಾಟರ್. ಅಂಗಡಿಯ ಕ್ಯಾನಿನ ಮೇಲೆ ಬರೆದದ್ದನ್ನು ನಂಬಬೇಡಿ, ಇಸಿ ಮೀಟರ್ (ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆಂದು ನೋಡಿ ಕರಗಿದ ಉಪ್ಪನ್ನು ಅಂದಾಜಿಸುವ ಮೀಟರ್) ಅದ್ದಿ ನೋಡಿ. ಮೀಟರಿಗೆ 0.01 ಡೆಸಿಸೀಮೆನ್ಸ್‌ಗಿಂತ ಹೆಚ್ಚಿದ್ದರೆ ಆ ನೀರು ಲವಣ ಅಳೆಯುವ ಕೆಲಸಕ್ಕೆ ಬಾರದು. ಲ್ಯಾಬಿನಲ್ಲೇ ನೀರು ಬಟ್ಟಿ ಇಳಿಸುವುದಾದರೆ ನಮ್ಮ ಗಡಸು ನೀರು ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ಅದನ್ನು ಆಗಾಗ ತೆಳು ಆಮ್ಲದಲ್ಲಿ ತೊಳೆಯದಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ.

ಇಸಿ ಮೀಟರ್ ಸರಿಯಿದೆಯೇ ಎಂದು ತಿಳಿಯಲು ದುಬಾರಿ ದ್ರಾವಣ ಬೇಕಿಲ್ಲ. ಒಣಗಿಸಿದ ಪೊಟ್ಯಾಸಿಯಂ ಕ್ಲೋರೈಡ್ 0.7456 ಗ್ರಾಂ ತೂಗಿ ಒಂದು ಲೀಟರ್ ಮಾಡಿ. 25 ಡಿಗ್ರಿಯಲ್ಲಿ ಅದೇ ಅಳತೆಯಲ್ಲಿ 1.413 ತೋರಿಸಬೇಕು. ಒಂದು ಡಿಗ್ರಿ ಬಿಸಿಗೆ ಸುಮಾರು ಶೇ. 2ರಷ್ಟು ರೀಡಿಂಗ್ ಏರುತ್ತದೆ. ಮೇ ತಿಂಗಳಲ್ಲಿ ಇಲ್ಲಿನ ಕೋಣೆ 40 ಮುಟ್ಟುತ್ತದೆ, ಉಷ್ಣಾಂಶದ ತಿದ್ದುಪಡಿ ಇಲ್ಲದ ಮೀಟರ್ ಶೇ. 30ರಷ್ಟು ಸುಳ್ಳು ಹೇಳುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದು ರೈತನ ಹೊಲಕ್ಕೇ ತಟ್ಟುತ್ತದೆ. ಮಣ್ಣನ್ನು ಎರಡೂವರೆ ಪಟ್ಟು ನೀರಿನಲ್ಲಿ ಕಲಕಿ ಇಸಿ ನೋಡುತ್ತಾರೆ, 4ಕ್ಕಿಂತ ಕಡಿಮೆ ಬಂದರೆ ಸವಳಿಲ್ಲ ಎಂದು ಬರೆದುಕೊಡುತ್ತಾರೆ. ಆ 4 ಡೆಸಿಸೀಮೆನ್ಸ್ ಮಿತಿ ಇರುವುದು ಮಣ್ಣನ್ನು ನೀರಿನಲ್ಲಿ ಪೇಸ್ಟ್ ಮಾಡಿ, ವ್ಯಾಕ್ಯೂಮ್ ಪಂಪಿನಿಂದ ಹೀರಿ ತೆಗೆದ ರಸಕ್ಕೆ. ಎರೆಮಣ್ಣು ಪೇಸ್ಟ್ ಆಗಲು ತನ್ನ ತೂಕದ ಮುಕ್ಕಾಲು ಪಾಲಿನ ಆಸುಪಾಸು ನೀರು ಸಾಕು. ಅಂದರೆ ಕಲಕಿದ ನೀರಿನಲ್ಲಿ ಉಪ್ಪು ಮೂರು ಪಟ್ಟಿಗೂ ಹೆಚ್ಚು ತೆಳುವಾಗಿರುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆಗಳ ಮಣ್ಣಿಗೆ ಪೇಸ್ಟ್ ವಿಧಾನವನ್ನೇ ಕಲಿಸಬೇಕು. ಬುಕ್ನರ್ ಫನಲ್ (ತಳದಲ್ಲಿ ತೂತುಗಳಿರುವ ಸೋಸುವ ಆಲಿಕೆ), ಫಿಲ್ಟರ್ ಪೇಪರ್, ಪಂಪ್ ಇದ್ದರೆ ಆಯಿತು.

ಪಿಎಚ್ ಎಲೆಕ್ಟ್ರೋಡ್ ಅನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಮುಳುಗಿಸಿಡುವ ರೂಢಿ ಬಿಡಿ. ಒಳಗಿನ ಉಪ್ಪು ಸೋರಿ ರೀಡಿಂಗ್ ನಿಲ್ಲುವುದೇ ಇಲ್ಲ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿಡಿ. ನಮ್ಮ ಮಣ್ಣಿಗೆ ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಅಂದರೆ 7 ಮತ್ತು 9.2ರ ಬಫರ್‌ಗಳಲ್ಲಿ ಹೊಂದಿಸಿ; ಕ್ಷಾರದ ಹೊಲ 8.5 ದಾಟುವುದರಿಂದ 4ರ ಬಫರ್ ಒಂದನ್ನೇ ನಂಬಿದರೆ ಕೆಲಸ ಕೆಡುತ್ತದೆ.

ಇನ್ನು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದ ಕಡೆ 1.5ರ ತನಕ. ಫ್ಲೋರೈಡ್ ಎಲೆಕ್ಟ್ರೋಡ್ ಇಷ್ಟನ್ನು ಚೆನ್ನಾಗಿ ಹಿಡಿಯುತ್ತದೆ. ಸೋಡಿಯಂ ಫ್ಲೋರೈಡ್ 0.221 ಗ್ರಾಂ ಲೀಟರಿಗೆ ಹಾಕಿದರೆ 100 ಮಿಲಿಗ್ರಾಂ ಫ್ಲೋರೈಡಿನ ಮೂಲ ದ್ರಾವಣ ಸಿದ್ಧ. ಅಳೆಯುವ ನೀರಿನಷ್ಟೇ ಟಿಸ್ಯಾಬ್ ಎಂಬ ಬಫರ್ ದ್ರಾವಣ ಬೆರೆಸುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ಅದು ಪಿಎಚ್ ಅನ್ನು 5ರಿಂದ 5.5ರೊಳಗೆ ನಿಲ್ಲಿಸುತ್ತದೆ, ಕಬ್ಬಿಣ-ಅಲ್ಯೂಮಿನಿಯಂ ಹಿಡಿದಿಟ್ಟ ಫ್ಲೋರೈಡನ್ನು ಬಿಡಿಸುತ್ತದೆ. ಸಾಂದ್ರತೆ ಹತ್ತು ಪಟ್ಟಾದಾಗ ರೀಡಿಂಗ್ 54ರಿಂದ 60 ಮಿಲಿವೋಲ್ಟ್ ಬದಲಾಗಬೇಕು. ಆಗದಿದ್ದರೆ ಆ ದಿನದ ಯಾವ ಅಂಕಿಯನ್ನೂ ಬರೆದುಕೊಳ್ಳಬೇಡಿ. ಕಲಕುವ ಯಂತ್ರದ ಬಿಸಿ ಬೀಕರಿಗೆ ತಾಗದಂತೆ ಅಡಿಗೆ ಥರ್ಮಾಕೋಲ್ ಇಡಿ. ಬೀಕರ್, ಬಾಟಲಿ ಎಲ್ಲವೂ ಪ್ಲಾಸ್ಟಿಕ್ಕಿನವೇ ಆಗಲಿ, ಗಾಜು ಬೇಡ.

ಆರ್ಸೆನಿಕ್, ಸೀಸ ನೋಡಬೇಕಾದಾಗ ದೊಡ್ಡ ಯಂತ್ರ ಇರುವ ಲ್ಯಾಬಿಗೆ ಮಾದರಿ ಕಳಿಸಿದರೆ ಸಾಕು. ಆ ಬಾಟಲಿಗೆ ತುಂಬಿದ ಜಾಗದಲ್ಲೇ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗೆ ಇಳಿಸಿ. ತಡಮಾಡಿದರೆ ಬೋರ್‌ನೀರಿನ ಕಬ್ಬಿಣ ಗಾಳಿ ತಾಗಿ ಕೆಂಪಗೆ ತಳ ಕೂರುತ್ತದೆ, ಆರ್ಸೆನಿಕ್ಕನ್ನೂ ಜೊತೆಗೆ ಎಳೆದೊಯ್ಯುತ್ತದೆ. ಫ್ಲೋರೈಡಿನ ಬಾಟಲಿ ಬೇರೆ ಇರಲಿ, ಅದಕ್ಕೆ ಆಮ್ಲ ಹಾಕಬಾರದು.