ಯಾರ ಮಗಳು ಅನ್ನೋದು ಆಮೇಲೆ, ಮೊದಲು ಹಾಡು ಕೇಳಿ

2003ರ ಫೆಬ್ರವರಿ ಕೊನೆ. ನಾನಾಗ ಮೈಸೂರಿನ ಹಾಸ್ಟೆಲ್‌ನಲ್ಲಿದ್ದೆ. ಮೆಸ್‌ನಲ್ಲಿ ಇಡ್ಲಿ ತಿನ್ನುತ್ತಾ ಪೇಪರ್‌ನ ಹಾಳೆ ಹಾಳೆ ಹಂಚಿಕೊಂಡು ಓದುತ್ತಿದ್ದೆವು. ಸಿತಾರ್ ವಾದಕ ಪಂಡಿತ್ ರವಿಶಂಕರ್ ಮಗಳಿಗೆ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಒಟ್ಟಿಗೇ 5 ಬಂದ ಸುದ್ದಿ ಓದಿ ರೂಮ್‌ಮೇಟ್ ಹೇಳಿದ, "ಸಿತಾರ್ ಅಂದ್ರೆ ಸುಮ್ನೇನಾ?"

ಪ್ರಶಸ್ತಿ ಸಿತಾರ್‌ಗೇ ಬಂತು ಅಂದುಕೊಂಡದ್ದು ಅವನ ತಪ್ಪೂ ಅಲ್ಲ ಬಿಡಿ. ರವಿಶಂಕರ್ ಅವರ ಇನ್ನೊಬ್ಬ ಮಗಳು, ಸಿತಾರ್ ಬಾರಿಸುವ ಅನೌಷ್ಕಾ ಕೂಡ ಆ ವರ್ಷ ಗ್ರ್ಯಾಮಿಗೆ ನಾಮಿನೇಟ್ ಆಗಿದ್ದರು. ಗೆದ್ದು ಬಂದಿದ್ದು ಅಕ್ಕ, ನೋರಾ ಜೋನ್ಸ್. ಅಮ್ಮ ಸ್ಯೂ ಜೋನ್ಸ್ ಜೊತೆ ಟೆಕ್ಸಾಸ್‌ನಲ್ಲಿ ಬೆಳೆದವಳು, ಕಾಲೇಜಿನಲ್ಲಿ ಜಾಝ್ ಪಿಯಾನೋ ಕಲಿತವಳು. ಅಪ್ಪನ ಒಡನಾಟ ಸಿಕ್ಕಿದ್ದೇ ಕಡಿಮೆ. ನಮ್ಮ ಕಡೆ ಹೊಸಬರು ಯಾರೇ ಬರಲಿ, ಮೊದಲು "ಯಾರ ಪೈಕಿ?" ಅಂತ ವಿಚಾರಿಸುತ್ತೇವಲ್ಲ, ಅದನ್ನೇ ಅವಳಿಗೂ ಮಾಡಿದೆವು. ಉತ್ತರ ಸಿಕ್ಕ ಮೇಲೆ ಹಾಡು ಕೇಳುವ ಗೋಜಿಗೇ ಹೋಗಲಿಲ್ಲ.

ಅವಳಿಗೆ ಹೆಸರು ತಂದ ಹಾಡು, 'ಡೋಂಟ್ ನೋ ವೈ', ನಾನು ಕೇಳಿದ್ದು ಎಷ್ಟೋ ತಿಂಗಳಾದ ಮೇಲೆ, ಯಾರೋ ಕಾಪಿ ಮಾಡಿಕೊಟ್ಟ ಸಿಡಿಯಲ್ಲಿ. ಅದು ಹುಟ್ಟಿದ ಕಥೆ ತಿಳಿದಿದ್ದು ಇನ್ನೂ ತಡವಾಗಿ. ತಿಳಿದಾಗಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಇವತ್ತು ನಿಮ್ಮ ಸರದಿ.

ಹಾಡು ಬರೆದವನು ಜೆಸ್ಸಿ ಹ್ಯಾರಿಸ್. 1999ರಲ್ಲೇ ತನ್ನ ಆಲ್ಬಂನಲ್ಲಿ ತಾನೇ ಹಾಡಿದ್ದ. ಮರುವರ್ಷ ನ್ಯೂಯಾರ್ಕ್‌ನ ಸಾರ್ಸರರ್ ಸೌಂಡ್ ಎಂಬ ಸ್ಟುಡಿಯೋದಲ್ಲಿ ನೋರಾ ಮತ್ತು ಗೆಳೆಯರು ಡೆಮೋ ಮಾಡಲು ಕುಳಿತರು. ಅವಳದು ಪಿಯಾನೋ, ಹ್ಯಾರಿಸ್ ಗಿಟಾರ್, ಲೀ ಅಲೆಕ್ಸಾಂಡರ್ ಬೇಸ್, ಡ್ಯಾನ್ ರೀಸರ್ ಡ್ರಮ್ಸ್. ಡೆಮೋ ಅಂದರೆ ಗೊತ್ತಲ್ಲ, ಕಂಪನಿಯವರಿಗೆ ಕೇಳಿಸಲು ಮಾಡುವ ಕಚ್ಚಾ ಪ್ರತಿ. ಒಂದೇ ಟೇಕ್. ಮುಗೀತು.

ಆಮೇಲೆ ಜಾಝ್‌ಗೆ ಹೆಸರಾದ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿ ಅವಳನ್ನು ಸೇರಿಸಿಕೊಂಡಿತು. ಕ್ರೇಗ್ ಸ್ಟ್ರೀಟ್ ಎಂಬ ಸಂಗೀತ ನಿರ್ಮಾಪಕನ ಜೊತೆ, ಬೇರೆ ಸ್ಟುಡಿಯೋದಲ್ಲಿ ಆಲ್ಬಂ ರೆಕಾರ್ಡ್ ಆಯಿತು. ಕಂಪನಿಯ ಮುಖ್ಯಸ್ಥ ಬ್ರೂಸ್ ಲಂಡ್ವಾಲ್‌ಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಡೆಮೋದಲ್ಲಿದ್ದ ಸರಳತೆ ಎಲ್ಲಿ ಹೋಯಿತು ಅನ್ನಿಸಿತಂತೆ. ಮತ್ತೆ ಕೆಲಸ ಶುರು. ಈ ಸಲ ಬಂದವರು ನಿರ್ಮಾಪಕ ಆರಿಫ್ ಮಾರ್ಡಿನ್. ಅರೆಥಾ ಫ್ರಾಂಕ್ಲಿನ್, ಬೀ ಗೀಸ್ ಅಂಥ ಹೆಸರಾಂತ ಗಾಯಕರ ಜೊತೆ ಕೆಲಸ ಮಾಡಿ ಪಳಗಿದ ಹಿರಿಯರು. ಅವರು ಮನಸ್ಸು ಮಾಡಿದ್ದರೆ ಇಡೀ ವಯಲಿನ್ ತಂಡವನ್ನೇ ಕರೆಸಿ ಹಾಡಿಗೆ ಒಗ್ಗರಣೆ ಹಾಕಬಹುದಿತ್ತು. ಹಾಕಲಿಲ್ಲ. ಆ ಡೆಮೋ ಟೇಕನ್ನೇ ಉಳಿಸಿಕೊಂಡರು. ಮೇಲೆ ಸ್ವಲ್ಪ ಗಿಟಾರ್, ಹಾಡಿನ ಜೊತೆಗೆ ಅವಳದೇ ಇನ್ನೊಂದು ದನಿ (ಹಾರ್ಮನಿ), ಅಷ್ಟೇ. ಕೈಯಲ್ಲಿ ಅಧಿಕಾರವೂ ದುಡ್ಡೂ ಇರುವಾಗ ಹೀಗೆ ಕೈಕಟ್ಟಿ ಕೂರುವುದು ಎಷ್ಟು ಕಷ್ಟ ಅಂತ ಒಂದು ಸಲವಾದರೂ ಮದುವೆ ಅಡುಗೆ ಮಾಡಿಸಿದವರಿಗೆ ಗೊತ್ತಿರುತ್ತೆ.

2002ರ ಆರಂಭದಲ್ಲಿ ಹಾಡು ಹೊರಬಂತು. ದೊಡ್ಡ ಸದ್ದೇನೂ ಇಲ್ಲ. ಅಮೆರಿಕದ ಜನಪ್ರಿಯ ಹಾಡುಗಳ ಹಾಟ್ 100 ಪಟ್ಟಿಯಲ್ಲಿ 30ರಿಂದ ಮೇಲೆ ಏರಲೇ ಇಲ್ಲ. ಆಲ್ಬಂ ಮೊದಲ ವಾರ ಆಲ್ಬಂಗಳ ಪಟ್ಟಿಯಲ್ಲಿ ನಿಂತಿದ್ದು 139ನೇ ಜಾಗದಲ್ಲಿ. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ದಾಟುತ್ತಾ ದಾಟುತ್ತಾ, ಸುಮಾರು 11 ತಿಂಗಳ ನಂತರ ಅದೇ ಆಲ್ಬಂ ಮೊದಲ ಸ್ಥಾನಕ್ಕೆ ಬಂತು. ಇಲ್ಲಿಯವರೆಗೆ ಎರಡೂವರೆ ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ. ಹ್ಯಾರಿಸ್‌ಗೆ ವರ್ಷದ ಹಾಡು ಬರೆದದ್ದಕ್ಕೆ ಗ್ರ್ಯಾಮಿ ಸಿಕ್ಕಿತು.

ಬೈಗುಳಕ್ಕೂ ಕೊರತೆಯಿರಲಿಲ್ಲ. ಮಾಂಕ್, ಕೋಲ್ಟ್ರೇನ್ ಅಂಥ ಜಾಝ್ ದಿಗ್ಗಜರ ರೆಕಾರ್ಡ್‌ಗಳನ್ನು ತಂದ ಬ್ಲೂ ನೋಟ್‌ನಿಂದ ಇಂಥ ಮೃದು ಪಾಪ್ ಬರುವುದಾ ಅಂತ ಜಾಝ್ ಮಡಿವಂತರು ಮೂಗು ಮುರಿದರು. ಇನ್ನು ಕೆಲವರು ಅವಳ ಹೆಸರನ್ನೇ ತಿರುಚಿ 'ಸ್ನೋರಾ' ಅಂದರು. ಕೇಳಿದರೆ ಗೊರಕೆ ಗ್ಯಾರಂಟಿ ಅಂತ ಅರ್ಥ. ನಿಜ ಹೇಳಬೇಕೆಂದರೆ, ಪೂರ್ತಿ ಆಲ್ಬಂ ಒಂದೇ ಪಟ್ಟಿಗೆ ಕೇಳಿದಾಗ ನನಗೂ ತೂಕಡಿಕೆ ಬಂದಿದೆ. ಆದರೆ ಈ ಹಾಡಿನ ವಿಷಯದಲ್ಲಿ ನಾನು ಜಗಳಕ್ಕೆ ತಯಾರು.

ಇಯರ್‌ಫೋನ್ ಹಾಕಿಕೊಂಡು ಕೇಳಿ. ದನಿ ಎಲ್ಲೂ ಏರುವುದಿಲ್ಲ. ಸಾಲಿನ ಕೊನೆಯ ಪದವನ್ನು ಎಳೆಯದೆ ಹಾಗೇ ಕೆಳಗಿಟ್ಟುಬಿಡುತ್ತಾಳೆ. ಅವಳು ಬಿಟ್ಟ ಜಾಗದಲ್ಲಿ ಪಿಯಾನೋ ಎರಡು ಮಾತು ಆಡಿ ಸುಮ್ಮನಾಗುತ್ತೆ. ಹಾಡಿನ ಕಥೆ ಇಷ್ಟೇ: ರಾತ್ರಿಯೆಲ್ಲ ಕಾದವಳು, ಬೆಳಗಾಯಿತು, ತಾನು ಯಾಕೆ ಹೋಗಲಿಲ್ಲವೋ ತನಗೇ ತಿಳಿಯದು. ಇಂಥ ಕಥೆ ಸಿಕ್ಕರೆ ನಮ್ಮಲ್ಲಿ ಅನೇಕರು ಗಂಟಲು ಬಿಚ್ಚಿ ಅತ್ತುಬಿಡುತ್ತಿದ್ದರು. ಇವಳು ಅಳುವುದಿಲ್ಲ, ಕೇಳುವವರಿಗೇ ಎಲ್ಲೋ ಚುಚ್ಚುತ್ತೆ.

ಒಮ್ಮೆ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಹಾಕಿದ್ದೆ. ಇಂಗ್ಲಿಷ್ ಬರದ ಅಮ್ಮ ದಂಟಿನ ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಯಾಕೋ ಈ ಹುಡುಗಿ ಇಷ್ಟು ಮೆತ್ತಗೆ ಹಾಡ್ತಾಳೆ? ಪಕ್ಕದ ಕೋಣೇಲಿ ಯಾರಾದ್ರೂ ಮಲಗಿದಾರಾ?"