ಡಬ್ಬದ ಮೇಲೆ 3000 ಲೀಟರ್, ಬಕೆಟ್ಟಿನಲ್ಲಿ 1440

ಅಕ್ವೇರಿಯಂ ಪಂಪಿನ ಡಬ್ಬದ ಮೇಲೆ ನಂಬರ್ ಬರೆಯುವವರು ಯಾರು ಸ್ವಾಮಿ? ಒಂದು ಸಲ ನನ್ನ ಕೈಗೆ ಸಿಗಬೇಕು. ಕೂರಿಸಿ, ಕಾಫಿ ಕೊಟ್ಟು, ಕೈಗೊಂದು ಬಕೆಟ್ಟನ್ನೂ ಕೊಟ್ಟು, "ಎಲ್ಲಿ, ತುಂಬಿಸಿ ತೋರಿಸಿ" ಅನ್ನಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆಂಗಳೂರಿನ ನಮ್ಮ ಮನೆ ಹಾಲಿನಲ್ಲಿ ಇರುವುದು ಉಪ್ಪುನೀರಿನ ಟ್ಯಾಂಕ್. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕ ಹಾಕಿದರೆ 250 ಲೀಟರ್. ಕಲ್ಲು, ಮರಳು ಕಳೆದು, ಮೇಲೆ ಎರಡಿಂಚು ಬಿಟ್ಟರೆ ನಿಜವಾಗಿ ನಿಲ್ಲುವ ನೀರು 200 ಲೀಟರ್ ಆಸುಪಾಸು. ಅದರೊಳಗೆ ಒಂದು ಜೊತೆ ಕ್ಲೌನ್ ಮೀನು, ಮೆತ್ತನೆಯ ಹವಳಗಳು. ಜೊವಾಂತಿಡ್, ಮಶ್ರೂಮ್, ಒಂದು ದೊಡ್ಡ ಲೆದರ್ ಕೋರಲ್. ಹವಳ ಪ್ರಾಣಿಯೇ, ಆದರೆ ಎದ್ದು ಓಡಾಡುವ ಪ್ರಾಣಿ ಅಲ್ಲ. ಅದಕ್ಕೆ ಊಟ, ಆಮ್ಲಜನಕ ತಂದುಕೊಡುವುದೂ ಹರಿಯುವ ನೀರೇ, ಕಸ ಸಾಗಿಸುವುದೂ ಅದೇ ನೀರು. ನೀರು ನಿಂತರೆ ಹವಳದ ಮೈಗೆ ಅಂಟಿಕೊಂಡ ತೆಳು ಪದರ ಬದಲಾಗುವುದೇ ಇಲ್ಲ. ತನ್ನ ಕೊಳಕಿನಲ್ಲಿ ತಾನೇ ಕೂರಬೇಕಾಗುತ್ತದೆ.

ಸಮುದ್ರದಲ್ಲಿ ಈ ಕೆಲಸ ಅಲೆ ಮಾಡುತ್ತದೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದವರನ್ನು ಕೇಳಿ. ಅಲ್ಲಿ ನೀರು ಒಂದೇ ಕಡೆಗೆ ತಳ್ಳುವುದಿಲ್ಲ. ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಮನೆಯಲ್ಲಿ ಅದನ್ನು ಮಾಡಿಸಬೇಕಾಗಿರುವುದು ಪಂಪಿನ ಕೈಲಿ. ಹಾಗಾಗಿ ಯಾವ ಪಂಪು, ಎಷ್ಟು ದೊಡ್ಡದು, ಎಲ್ಲಿ ಹಾಕಬೇಕು ಎಂದು ಅಂಗಡಿಗೆ ಹೋಗಿ ಕೇಳುತ್ತೇವೆ, ಅಲ್ವಾ? ಅಲ್ಲಿಂದ ಶುರು ನೋಡಿ ತಲೆನೋವು.

ಮೊದಲು ರಿಟರ್ನ್ ಪಂಪಿನ ಕಥೆ. ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗೆ ಇನ್ನೊಂದು ಗಾಜಿನ ತೊಟ್ಟಿ ಇರುತ್ತದೆ. ಅದೇ ಸಂಪ್. ಮೇಲಿನ ನೀರು ಅಲ್ಲಿಗಿಳಿದು, ಫಿಲ್ಟರ್ ದಾಟಿ, ಪಂಪಿನಿಂದ ವಾಪಸ್ ಮೇಲೆ ಬರುತ್ತದೆ. ನನ್ನ ಪಂಪಿನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಗಂಟೆಗೆ 3000 ಲೀಟರ್ ಅಂತಿದೆ. ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಎತ್ತರ 2.5 ಮೀಟರ್ ಅಂತಿದೆ. ಓದಿದವರಿಗೆ ಏನನ್ನಿಸುತ್ತದೆ? ಎರಡೂವರೆ ಮೀಟರ್ ಮೇಲಕ್ಕೆ 3000 ಲೀಟರ್ ಎತ್ತುತ್ತದೆ ಅಂತ ತಾನೇ? ಖಂಡಿತ ಇಲ್ಲ. 3000 ಬರುವುದು ಎತ್ತರ ಸೊನ್ನೆ ಇದ್ದಾಗ. ಎರಡೂವರೆ ಮೀಟರಿಗೆ ಹೋದರೆ ಒಂದು ತೊಟ್ಟೂ ಬರುವುದಿಲ್ಲ, ನೀರು ಪೈಪಿನಲ್ಲಿ ಸುಮ್ನೆ ನಿಂತಿರುತ್ತದೆ. ಎರಡೂ ನಂಬರ್ ನಿಜ. ಒಟ್ಟಿಗೆ ಮಾತ್ರ ಯಾವತ್ತೂ ನಿಜ ಆಗುವುದಿಲ್ಲ.

ನಮ್ಮ ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಗೆ ಒಂದು ಮೀಟರ್ ಚಿಲ್ಲರೆ ಎತ್ತರ. ಜೊತೆಗೆ ಎರಡು ಎಲ್ಬೋ, ಒಂದು ವಾಲ್ವ್. ಮೇಲೆ ಪೈಪಿನ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಟೈಮರ್ ಹಾಕಿದೆ. ತುಂಬಲು 25 ಸೆಕೆಂಡ್. ಅಂದರೆ ಗಂಟೆಗೆ 1440 ಲೀಟರ್. ಅರ್ಧವೂ ಇಲ್ಲ!

ಭೌತಶಾಸ್ತ್ರದ ಮೇಲೆ ನನಗೇನೂ ಕೋಪವಿಲ್ಲ. ಎತ್ತರ ಜಾಸ್ತಿಯಾದರೆ ನೀರು ಕಡಿಮೆಯಾಗುವುದು ಸಹಜ. ಕೋಪ ಬರುವುದು ಆ ಗ್ರಾಫ್ ಎಲ್ಲಿ ಅಂತ ಕೇಳಿದಾಗ. ಎಷ್ಟು ಎತ್ತರಕ್ಕೆ ಎಷ್ಟು ನೀರು ಎಂದು ತೋರಿಸುವ ಒಂದು ಗೆರೆ ಸಾಕು. ಡಬ್ಬದ ಮೇಲೆ ಬಣ್ಣಬಣ್ಣದ ಮೀನಿನ ಫೋಟೋ ಹಾಕಲು ಜಾಗ ಇದೆ, ಆ ಗೆರೆಗೆ ಜಾಗ ಇಲ್ಲ. ಊರಲ್ಲಿ ಅಪ್ಪ ತೋಟಕ್ಕೆ ಬೋರ್‌ವೆಲ್ ಮೋಟಾರು ತರಲು ಹೋದರೆ ಅಂಗಡಿಯವನ ಮೊದಲ ಪ್ರಶ್ನೆಯೇ "ಎಷ್ಟಡಿ ಬೋರು ಯಜಮಾನ್ರೇ, ನೀರು ಎಷ್ಟಡೀಲಿದೆ?" ಎಂದು. ಆಮೇಲೆ ಚಾರ್ಟ್ ತೆಗೆಯುತ್ತಾನೆ. ಇಷ್ಟು ಸ್ಟೇಜು, ಇಷ್ಟು ಹೆಡ್ಡು (ನೀರೆತ್ತುವ ಎತ್ತರ), ನಿಮಿಷಕ್ಕೆ ಇಷ್ಟು ಲೀಟರ್. ಬೆರಳಿಟ್ಟು ತೋರಿಸುತ್ತಾನೆ. ಹಳ್ಳಿಯ ರೈತನಿಗೆ ಸಿಗುವ ಚಾರ್ಟು ಬೆಂಗಳೂರಿನ ಅಕ್ವೇರಿಯಂ ಅಂಗಡಿಯಲ್ಲಿ ನಮಗೆ ಯಾಕೆ ಸಿಗುವುದಿಲ್ಲ? ಕೇಳಿದರೆ ನನ್ನನ್ನು ಬಿಟ್ಟು, ಪಕ್ಕದಲ್ಲಿ ಗೋಲ್ಡ್ ಫಿಶ್ ನೋಡುತ್ತಾ ನಿಂತಿದ್ದ ನಮ್ಮ ಮನೆಯವರ ಕಡೆ ತಿರುಗಿ, "ಸಾರ್, ಕಂಪನೀನೇ 3000 ಅಂತ ಕೊಟ್ಟಿದೆ ಸಾರ್" ಅನ್ನುತ್ತಾರೆ. ನಮ್ಮ ಮನೆಯವರಿಗೋ ಪಂಪು ಯಾವುದು ಹೀಟರ್ ಯಾವುದು ಗೊತ್ತಿಲ್ಲ. ಪಾಪ, ತಲೆಯಾಡಿಸಿದರು.

ಸರಿ, ರಿಟರ್ನ್ ಪಂಪು ಬಿಡಿ. ಅದರ ಕೆಲಸ ಸಂಪಿಗೂ ಟ್ಯಾಂಕಿಗೂ ನೀರು ಓಡಾಡಿಸುವುದು. ಟ್ಯಾಂಕಿನೊಳಗೆ ಅಲೆ ಎಬ್ಬಿಸಲು ಬೇರೆ ವೇವ್‌ಮೇಕರ್ ಬೇಕು. ಇದು ಗಾಜಿಗೆ ಅಂಟಿಕೊಂಡು ಒಳಗೇ ಇರುವುದರಿಂದ ಎತ್ತರದ ಗೋಜಿಲ್ಲ. ಇಲ್ಲಿ ಮೋಸದ ದಾರಿ ಬೇರೆ. ಆನ್‌ಲೈನಿನಲ್ಲಿ ಒಂದೇ ಪಂಪು, ಹೆಸರಿನಲ್ಲಿ 4000 ಎಲ್‌ಪಿಎಚ್, ಕೆಳಗೆ ವಿವರದಲ್ಲಿ 4000 ಜಿಪಿಎಚ್. ಮೊದಲನೆಯದು ಗಂಟೆಗೆ ಇಷ್ಟು ಲೀಟರ್ ಅಂತ, ಎರಡನೆಯದು ಗಂಟೆಗೆ ಇಷ್ಟು ಗ್ಯಾಲನ್ ಅಂತ. ಒಂದು ಅಮೆರಿಕನ್ ಗ್ಯಾಲನ್ ಅಂದರೆ 3.785 ಲೀಟರ್. ಹೆಚ್ಚುಕಡಿಮೆ ನಾಲ್ಕು ಪಟ್ಟು ವ್ಯತ್ಯಾಸ! ಮಾರುವವರಿಗೆ ಅದು ಬರೀ ಸ್ಪೆಲ್ಲಿಂಗ್. "ಯಾವುದು ಸರಿ?" ಎಂದು ಕೇಳಿದ್ದಕ್ಕೆ ಬಂದ ಉತ್ತರ: "ಎರಡೂ ಸರಿ ಮೇಡಂ."

ಇನ್ನೊಂದು ಇದೆ. ಅಮೆರಿಕದಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದ ಪಂಪು. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. "ಕನ್ವರ್ಟರ್ ಹಾಕಿಕೊಂಡರೆ ಆಯ್ತು" ಎಂದು ಅದನ್ನೂ ಮಾರುತ್ತಾರೆ. ಕನ್ವರ್ಟರ್ ಬದಲಿಸುವುದು ವೋಲ್ಟೇಜನ್ನು ಮಾತ್ರ ಕಣ್ರೀ, ಹರ್ಟ್ಸನ್ನಲ್ಲ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎನ್ನುವುದನ್ನಲ್ಲ. ಈ ಸಾದಾ ಎಸಿ ಪಂಪುಗಳ ಮ್ಯಾಗ್ನೆಟ್ ತಿರುಗುವುದೇ ಕರೆಂಟಿನ ತಾಳಕ್ಕೆ. ಅಲ್ಲಿ ನಿಮಿಷಕ್ಕೆ 3600 ಸುತ್ತು ಸುತ್ತುವುದು ಇಲ್ಲಿ 3000 ಸುತ್ತುತ್ತದೆ. ಡಬ್ಬದ ಮೇಲಿನ ನಂಬರಿನಲ್ಲಿ ಆರನೇ ಒಂದು ಪಾಲು ವಿಮಾನದಲ್ಲೇ ಉಳಿದುಬಿಟ್ಟಿತು. 24 ವೋಲ್ಟಿನ ಡಿಸಿ ಪಂಪುಗಳಿಗೆ ಈ ಕಾಟ ಇಲ್ಲ. ಆದರೆ ಅವುಗಳ ಕಂಟ್ರೋಲರಿಗೆ ಉಪ್ಪಿನ ಹನಿ ಹಾರಿದರೆ ಮುಗಿಯಿತು, ಒಂದು ಬಟನ್ ಕೆಟ್ಟರೂ ಪಂಪು ತೆಪ್ಪಗೆ ಕೂರುತ್ತದೆ.

ಹೋಗಲಿ, ಎಷ್ಟು ಬೇಕು ಅಂತಾದರೂ ಸರಿಯಾಗಿ ಹೇಳುತ್ತಾರಾ? ಎಲ್ಲರ ಬಾಯಲ್ಲೂ ಒಂದೇ ಮಂತ್ರ. "ಐವತ್ತು ಪಟ್ಟು ಬೇಕು ಮೇಡಂ, ಐವತ್ತು ಪಟ್ಟು." ಅಂದರೆ 200 ಲೀಟರಿಗೆ ಗಂಟೆಗೆ 10,000 ಲೀಟರ್ ಹರಿವು. ಅಲೆ ನೇರವಾಗಿ ಬಡಿಯುವ ಜಾಗದಲ್ಲಿ ಬೆಳೆಯುವ ಕವಲು ಕವಲಿನ ಗಟ್ಟಿ ಹವಳಗಳನ್ನು ಸಾಕುವವರ ಲೆಕ್ಕ ಅದು. ವಿದೇಶದ ವಿಡಿಯೋ ನೋಡಿ ಇವರು ಬಾಯಿಪಾಠ ಮಾಡಿದ್ದಾರೆ. ಗಟ್ಟಿ ಹವಳ ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಇದೆ. ನನ್ನ ಬಳಿ ಇಲ್ಲ, ಬೇಡವೂ ಬೇಡ. ಮೆತ್ತನೆಯ ಹವಳಗಳಿಗೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಪಟ್ಟು ಸಾಕು. ಅಂದರೆ ಹೆಚ್ಚೆಂದರೆ 4000 ಲೀಟರ್. ಐವತ್ತು ಪಟ್ಟು ಹಾಕಿದರೆ ಮರಳೆಲ್ಲ ಎದ್ದು ಹವಳದ ಮೇಲೆ ಕೂರುತ್ತದೆ, ಮಶ್ರೂಮ್ ಮುದುಡಿಕೊಳ್ಳುತ್ತದೆ, ಜೊವಾಂತಿಡ್ ಬಾಯಿ ಮುಚ್ಚಿದ್ದು ತೆಗೆಯುವುದೇ ಇಲ್ಲ. ಆಗ ಅದೇ ಅಂಗಡಿಯವರು ಒಂದು ಬಾಟಲಿ ಔಷಧಿ ಕೊಡುತ್ತಾರೆ.

ಲೀಟರಿಗಿಂತ ಮುಖ್ಯವಾದದ್ದು ನೀರು ಹೇಗೆ ಹೋಗುತ್ತದೆ ಎನ್ನುವುದು. ಅದನ್ನು ಯಾರೂ ಮಾತಾಡುವುದೇ ಇಲ್ಲ. ಸಣ್ಣ ಮೂತಿಯ ಹಳೇ ಪಂಪು 2000 ಲೀಟರನ್ನು ಒಂದೇ ಗೆರೆಯಲ್ಲಿ ಚಿಮ್ಮಿಸಿದರೆ ಎದುರಿಗಿರುವ ಹವಳದ ಮಾಂಸ ಕಿತ್ತುಬರುತ್ತದೆ. ಅಗಲ ರೆಕ್ಕೆಯ ವೇವ್‌ಮೇಕರ್ ಅದೇ ನೀರನ್ನು ಹರಡಿ ತಳ್ಳುತ್ತದೆ. ಎರಡನ್ನು ಎದುರುಬದುರು ಇಟ್ಟರೆ ನಡುವೆ ನೀರು ಡಿಕ್ಕಿ ಹೊಡೆದು ಅಡ್ಡಾದಿಡ್ಡಿ ಸುತ್ತುತ್ತದೆ. ಬೇಕಾದದ್ದು ಅದೇ. ರಾತ್ರಿ ಲೈಟ್ ಆರಿಸಿ ಟಾರ್ಚ್ ಬಿಟ್ಟು ನೋಡಿ, ತೇಲುವ ಕಣಗಳು ಎಲ್ಲಿ ಓಡುತ್ತವೆ, ಕಲ್ಲಿನ ಹಿಂದೆ ಎಲ್ಲಿ ನಿಂತುಬಿಡುತ್ತವೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಲೆದರ್ ಕೋರಲ್ ಆಗಾಗ ಎಲ್ಲ ಎಳೆಗಳನ್ನೂ ಒಳಗೆಳೆದುಕೊಂಡು, ಮೈಮೇಲೆ ಮೇಣದಂಥ ಹೊಳೆಯುವ ಪೊರೆ ಬೆಳೆಸುತ್ತದೆ. ಕೆಲವು ದಿನ ಹಾಗೇ ಇದ್ದು, ಒಂದು ಅಂಚಿನಿಂದ ಪೊರೆ ಬಿಡುತ್ತದೆ. ಹರಿವು ಚೆನ್ನಾಗಿದ್ದರೆ ಅದು ಪಟಪಟ ಅಲ್ಲಾಡುತ್ತಾ ಚೂರುಚೂರಾಗಿ ಹೊರಟುಹೋಗುತ್ತದೆ, ಅಡಿಯಲ್ಲಿ ಹೊಸ ಚರ್ಮ. ಹರಿವು ಇಲ್ಲದಿದ್ದರೆ ಅಲ್ಲೇ ಪಾಚಿ ಕಟ್ಟುತ್ತದೆ. ಅದರ ಫೋಟೋ ತೋರಿಸಿ, ಪಂಪನ್ನು ಯಾವ ಮೂಲೆಗೆ ಸರಿಸಲಿ ಎಂದು ಕೇಳಿದೆ. "ಅದು ಸತ್ತೋಯ್ತು ಮೇಡಂ, ಇನ್ನೊಂದು ತಗೊಳ್ಳಿ." ನಾನೇ ಪಂಪನ್ನು ಅರ್ಧ ಅಡಿ ಈಚೆಗೆ ಸರಿಸಿದೆ. ಪೊರೆ ಹೋಯಿತು. ಹವಳ ಇವತ್ತಿಗೂ ಗುಂಡುಗುಂಡಾಗಿದೆ.

ಸದ್ದಿನ ಬಗ್ಗೆ ಏನು ಹೇಳುವುದು! ಡಬ್ಬದ ಮೇಲೆ "ಸೈಲೆಂಟ್" ಅಂತಿದೆ. ಅತ್ತೆಯವರು ಟಿವಿ ಸೌಂಡ್ ಜಾಸ್ತಿ ಮಾಡಿಕೊಳ್ಳುತ್ತಾರೆ, ಅಷ್ಟೇ ಹೇಳುತ್ತೇನೆ.

ಕರೆಂಟು ಹೋದಾಗಿನ ಗೋಳು ಬೇರೆ. ಪಂಪು ನಿಂತ ಕೆಲವೇ ಗಂಟೆಗಳಲ್ಲಿ ನೀರಿನ ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. "ಇನ್ವರ್ಟರಿಗೆ ಹಾಕಿ" ಎಂದು ಸಲೀಸಾಗಿ ಹೇಳುತ್ತಾರೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿಗೆ ಹಾಕಿದರೆ ಎಸಿ ಪಂಪು ಗುಂಯ್ ಎಂದು ಕಿರುಚುತ್ತದೆ, ಬಿಸಿಯಾಗುತ್ತದೆ. ಮನೆ ಕರೆಂಟಿನ ಹಾಗೆ ನಯವಾಗಿ ಏರಿಳಿಯುವ ಸೈನ್ ವೇವ್ ಬೇಕು ಎಂದು ಪಂಪು ಮಾರುವ ಯಾರಾದರೂ ಹೇಳಿದ್ದಾರಾ?

ಇದೆಲ್ಲಕ್ಕಿಂತ ಹೊಟ್ಟೆ ಉರಿಯುವುದು ಬಿಡಿಭಾಗದ ವಿಷಯದಲ್ಲಿ. ಮೊನ್ನೆ ಬಲಗಡೆಯ ವೇವ್‌ಮೇಕರ್ ಕಟಕಟ ಎನ್ನಲು ಶುರುಮಾಡಿತು. ನಿಂಬೆಉಪ್ಪು ಕರಗಿಸಿದ ನೀರಿನಲ್ಲಿ ನೆನೆಹಾಕಿದೆ. ಸುಣ್ಣದ ಪದರವೆಲ್ಲ ನೊರೆ ಬಂದು ಕರಗಿತು. ಸದ್ದು ಹೋಗಲಿಲ್ಲ. ಬಿಚ್ಚಿ ನೋಡಿದರೆ ಬೆರಳುದ್ದದ ಬಿಳಿ ಸೆರಾಮಿಕ್ ಶಾಫ್ಟ್ ಎರಡು ತುಂಡು. ಒಂದು ತುಂಡು ಕೈಗೆ ಬಂತು, ಇನ್ನೊಂದು ಒಳಗೇ ಸಿಕ್ಕಿಕೊಂಡಿತ್ತು. ಮ್ಯಾಗ್ನೆಟ್ಟಿನ ಹೊರಗಿನ ಕೋಟಿಂಗಿನಲ್ಲಿ ಕೂದಲೆಳೆಯಷ್ಟು ಸೀಳು, ಆ ಸೀಳಿನಿಂದ ಕಂದು ತುಕ್ಕು ಜಿನುಗುತ್ತಿತ್ತು. ಉಪ್ಪುನೀರಿಗೆ ಅಷ್ಟು ಸೀಳು ಸಾಕು. ಒಳಗೆ ನುಗ್ಗಿ ಮ್ಯಾಗ್ನೆಟ್ಟನ್ನು ಉಬ್ಬಿಸಿ, ಅದು ಗೋಡೆಗೆ ಉಜ್ಜುವ ಹಾಗೆ ಮಾಡುತ್ತದೆ. ತುಕ್ಕೆಲ್ಲ ಹವಳದ ನೀರಿಗೆ.

ಅಂಗಡಿಗೆ ತೆಗೆದುಕೊಂಡು ಹೋದೆ. ಇಂಪೆಲ್ಲರ್ ಸೆಟ್, ಅಂದರೆ ಒಳಗೆ ತಿರುಗುವ ರೆಕ್ಕೆ, ಮ್ಯಾಗ್ನೆಟ್, ಶಾಫ್ಟ್ ಕೊಡಿ ಎಂದೆ. ಹುಡುಗ ಒಳಗೆ ಹೋಗಿ ಬಂದ.

"ಸ್ಪೇರ್ ಬರಲ್ಲ ಮೇಡಂ. ಹೊಸಾದು ತಗೊಳ್ಳಿ."

"ಮೋಟಾರು ಚೆನ್ನಾಗಿದೆಯಲ್ಲಪ್ಪ. ಒಳಗಿನ ಕಡ್ಡಿ ಮಾತ್ರ ಮುರಿದಿರೋದು."

"ಫೆವಿಕ್ವಿಕ್ ಹಾಕಿ ನೋಡಿ."

ಫೆವಿಕ್ವಿಕ್ ತರಹದ ಅಂಟಿನಿಂದ ಹವಳದ ತುಂಡನ್ನು ಕಲ್ಲಿಗೆ ಅಂಟಿಸುತ್ತೇವೆ, ನಿಜ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮ್ಯಾಗ್ನೆಟ್ಟಿನ ಕಡ್ಡಿಗೆ ಅದನ್ನು ಹಾಕಬೇಕಂತೆ. ವಾರಂಟಿ ಕಾರ್ಡ್ ತೋರಿಸಿದೆ. ಅದು "ಫ್ಯಾಕ್ಟರಿ ವಾರಂಟಿ"ಯಂತೆ, ಫ್ಯಾಕ್ಟರಿ ಚೀನಾದಲ್ಲಂತೆ, ಕಳಿಸುವ ಖರ್ಚು ನನ್ನದಂತೆ. ಇದೇ ರಸ್ತೆಯಲ್ಲಿ ನಾಲ್ಕು ಅಂಗಡಿ ಆಚೆ, ಯಾವುದೋ ಕಾಲದ ಮಿಕ್ಸಿಯ ಜಾರಿಗೆ ಕಪ್ಲರ್ ಸಿಗುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಿಗುತ್ತದೆ. ಸಾವಿರಗಟ್ಟಲೆ ಕೊಟ್ಟು ತಂದ ಪಂಪಿಗೆ ಒಂದು ಕಡ್ಡಿ ಇಲ್ಲ.

ಈಗ ಎಡಗಡೆಯ ವೇವ್‌ಮೇಕರ್ ಒಂದೇ ಓಡುತ್ತಿದೆ, ಬಲಗಡೆ ಮೂಲೆಯಲ್ಲಿ ಕಸ ಗುಡ್ಡೆ ಬೀಳುತ್ತಿದೆ. ದಿನಾ ಸಂಜೆ ಅಡುಗೆಮನೆಯ ಉದ್ದನೆ ಪೈಪೆಟ್ಟಿನಲ್ಲಿ ಊದಿ ಎಬ್ಬಿಸುತ್ತಿದ್ದೇನೆ. ಯಾರ ಹತ್ತಿರವಾದರೂ ಸತ್ತ ವೇವ್‌ಮೇಕರ್ ಇದ್ದು, ಅದರ ಸೆರಾಮಿಕ್ ಶಾಫ್ಟ್ ಗಟ್ಟಿಯಾಗಿದ್ದರೆ ಉದ್ದ, ದಪ್ಪ ಅಳೆದು ತಿಳಿಸಿ. ಬಂದು ತೆಗೆದುಕೊಂಡು ಹೋಗುತ್ತೇನೆ, ದುಡ್ಡೂ ಕೊಡುತ್ತೇನೆ. "ಹೊಸಾದು ತಗೊಳ್ಳಿ" ಅನ್ನುವವರು ಮಾತ್ರ ದಯವಿಟ್ಟು ಬರೆಯಬೇಡಿ.